ಸ್ವಲ್ಪ ತಾಳಿ

ಇವತ್ತು ತಿಪಟೂರಲ್ಲಿ ಎಟಿಎಂ ಕ್ಯೂ. ನನ್ನ ಮುಂದೆ ಒಬ್ರು ಅಜ್ಜಿ, ಸೆರಗಿನ ತುದೀಲಿ ಕಾರ್ಡು ಗಂಟು ಹಾಕ್ಕೊಂಡು ಬಂದಿದ್ರು, ಗೃಹಲಕ್ಷ್ಮಿ ದುಡ್ಡು 2000 ತೆಗೀಬೇಕಂತೆ. ಹೆಲ್ಪ್ ಮಾಡ್ಲಾ ಅಜ್ಜಿ ಅಂದೆ. "ಬ್ಯಾಡ ಕಣಪ್ಪ, ಕನ್ನಡ ಒತ್ತಿದ್ರೆ ಅದೇ ಹೇಳ್ಕೊಡ್ತೈತೆ" ಅಂದ್ರು.

ನಾನು ಇಂಥಾ ಸ್ಕ್ರೀನುಗಳನ್ನೇ ಟೆಸ್ಟ್ ಮಾಡೋನು, 9 ವರ್ಷದಿಂದ. ಯಾರಾದ್ರೂ ಏನ್ ಕೆಲಸ ಅಂದ್ರೆ "ಐಟಿ" ಅಂದು ಮಾತು ಮುಗಿಸ್ತೀನಿ. ಒಂದ್ಸಲ "ದಯವಿಟ್ಟು ನಿರೀಕ್ಷಿಸಿ" ಅಂತಿದ್ದಿದ್ದನ್ನ "ಸ್ವಲ್ಪ ತಾಳಿ" ಮಾಡ್ಸೋಕೆ ಎರಡು ವಾರ ಮೇಲ್ ಮೇಲೆ ಮೇಲ್ ಹಾಕಿದ್ದೆ, ಮ್ಯಾನೇಜರ್ ನಕ್ಕಿದ್ರು, ಯಾರ್ ಓದ್ತಾರೋ ಮಾರಾಯ ಅಂತ.

ಅಜ್ಜಿ ಪಿನ್ ಒತ್ತಿದ್ರು, ಒಂದೊಂದು ಅಂಕಿಗೂ ಬೆರಳು ಸೀರೆಗೆ ಒರೆಸ್ಕೊಂಡು (ನಾನು ಆ ಕಡೆ ತಿರುಗಿದ್ದೆ, ಬೆರಳು ಒರೆಸೋದಷ್ಟೇ ಕಂಡಿದ್ದು!). ಸ್ವಲ್ಪ ತಾಳಿ ಅಂತ ಬಂತು. ಅಜ್ಜಿ ಅಕ್ಷರ ಕೂಡಿಸಿ ಜೋರಾಗಿ ಓದಿ, ಮೆಷಿನ್ನಿಗೇ ಹೇಳಿದ್ರು, "ಊಂ, ತಾಳ್ತೀನ್ ಬಿಡಪ್ಪ, ನಂಗೇನ್ ಅರ್ಜೆಂಟು."

ಅದು ನಮ್ಮ ಸ್ಕ್ರೀನೋ ಬೇರೆಯವರದ್ದೋ ಗೊತ್ತಿಲ್ಲ, ವಿಚಾರಿಸೋಕೂ ಹೋಗ್ಲಿಲ್ಲ.

ನಾಲ್ಕು 500ರ ನೋಟು ಬಂದ್ವು, ಎರಡ್ಸಲ ಎಣಿಸಿ ಸೆರಗಿಗೆ ಕಟ್ಕೊಂಡು ಹೋದ್ರು. ಲಿಂಕ್ಡ್‌ಇನ್ನಲ್ಲಿ ಎಲ್ರೂ ಪರ್ಪಸ್ ಪರ್ಪಸ್ ಅಂತಿರ್ತಾರೆ, ನಂಗದು ತಲೆಗೇ ಹೋಗ್ತಿರ್ಲಿಲ್ಲ. ಹೋದ ತಿಂಗಳು ಬರೆದ ರಾಜೀನಾಮೆ ಇನ್ನೂ ಡ್ರಾಫ್ಟಲ್ಲೇ ಇದೆ, ಕಳಿಸ್ತೀನೋ ಇಲ್ವೋ ನೋಡ್ಬೇಕು. ಸೋಮವಾರ ಮಾತ್ರ ಇನ್ನೊಂದು ಮೇಲ್ ಹಾಕೋದಿದೆ, "ವಹಿವಾಟು ಪೂರ್ಣಗೊಂಡಿದೆ" ಅನ್ನೋದನ್ನ ಓದೋಕೆ ಅಜ್ಜಿ ತುಂಬಾ ಒದ್ದಾಡಿದ್ರು.