ಅದೇನೋ ಎಳೀತಾ ಕೂತ್ರೆ ಲೆಕ್ಕ ಬರ್ತದಾ ಮೇಷ್ಟ್ರೇ?

ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುವವನು ನಾನು. ಪೋಷಕರ ಸಭೆಯಿರಲಿ, ಮದುವೆಮನೆ ಪಂಕ್ತಿಯಿರಲಿ, ಪ್ರಶ್ನೆ ಒಂದೇ: "ಮಕ್ಕಳು ಕಂಪ್ಯೂಟರಲ್ಲಿ ಅದೇನೋ ಎಳೀತಾ ಕೂತ್ರೆ ಲೆಕ್ಕ ಬರ್ತದಾ ಮೇಷ್ಟ್ರೇ?"

ಬರೀ ಎಳೆದರೆ ಬರಲ್ಲ ಮಾರಾಯ್ರೆ. ಅದು ನನಗೂ ತಡವಾಗಿಯೇ ಗೊತ್ತಾಗಿದ್ದು. ನಾವು ಬಳಸೋದು ಜಿಯೋಜಿಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರು ಮಾಡಿದ ಗಣಿತದ ತಂತ್ರಾಂಶ. ಶಾಲೆಗೆ ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಸ್ಲೈಡರ್ ಸರಿಸಿದರೆ ಸಂಖ್ಯೆ ಬದಲಾಗುತ್ತದೆ, ನಕ್ಷೆಯೂ ಅದರ ಜೊತೆಗೇ ಅಲುಗುತ್ತದೆ. ಮೊದಲ ವರ್ಷ ಹತ್ತನೇ ತರಗತಿಗೆ ಇಂಥ ವರ್ಕ್‌ಶೀಟ್ ಹಾಗೇ ಬಿಟ್ಟುಕೊಟ್ಟೆ. ಮಕ್ಕಳಿಗೆ ಖುಷಿಯೋ ಖುಷಿ. ಕಿರುಪರೀಕ್ಷೆಯ ಪೇಪರ್ ತಿದ್ದುವಾಗ ಮಂಡೆ ಬಿಸಿಯಾಗಿದ್ದು ನನಗೆ.

ಈಗ, ಊಹೆಯನ್ನು ನೋಟ್‌ಬುಕ್ಕಲ್ಲಿ ಬರೆಯದೆ ಮೌಸ್ ಮುಟ್ಟುವಂತಿಲ್ಲ.

ಎಕ್ಸ್² + ಬಿ ಎಕ್ಸ್ + 3 ಅನ್ನೋ ವರ್ಗ ಬಹುಪದೋಕ್ತಿ ತಗೊಳ್ಳಿ. ಅದರ ನಕ್ಷೆ ಬಟ್ಟಲಿನಂಥ ಒಂದು ಗೆರೆ, ಅದೇ ಪರವಲಯ. ಬಿ ಬದಲಾಯಿಸಿದರೆ ಅದು ಏನಾಗುತ್ತದೆ? "ಪಕ್ಕಕ್ಕೆ ಸರಿಯುತ್ತೆ" ಅಂತ ಇಡೀ ಕ್ಲಾಸು ಬರೆದಿತ್ತು. ಎಳೆದು ನೋಡಿದರೆ ಪಕ್ಕಕ್ಕೆ ಹೋಗುತ್ತಾ ಕೆಳಕ್ಕೂ ಇಳಿಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಎಷ್ಟು ಎಳೆದ್ರೂ ವೈ ಅಕ್ಷದ ಮೇಲಿನ 3ನ್ನು ಬಿಟ್ಟು ಹೋಗಲ್ಲ, ಗೂಟಕ್ಕೆ ಕಟ್ಟಿದ ಕರು ಹಾಗೆ" ಅಂದ. ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ: "ಎಕ್ಸ್ ಸೊನ್ನೆ ಹಾಕಿದ್ರೆ ಬಿ ಇರೋ ಪದವೇ ಹೋಯ್ತಲ್ಲ ಸಾರ್." ನಾನು ಬೋರ್ಡಿನ ಮೇಲೆ ಹತ್ತು ಸಲ ಹೇಳಿದ್ದರೂ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಎಲ್ಲದಕ್ಕೂ ಇದು ಮದ್ದಲ್ಲ. ತ್ರಿಭುಜದ ಮೂಲೆ ನೂರು ಸಲ ಎಳೆದು ಕೋನಗಳ ಮೊತ್ತ 180 ಡಿಗ್ರಿ ಅಂತ ನೋಡಿದರೆ ಅದನ್ನು ರುಜುವಾತು ಮಾಡಿದಂತಲ್ಲ. ಸಮಾಂತರ ಗೆರೆ ಎಳೆದು ಸಾಧಿಸಲೇಬೇಕು.

ಇನ್ನು ಕರೆಂಟಿನ ಕಥೆ. ಆಷಾಢದ ಮಳೆಯಲ್ಲಿ ಅದು ನಮ್ಮಲ್ಲಿ ನೆಂಟರ ಹಾಗೆ ಬಂದು ಹೋಗುತ್ತದೆ. ಒಮ್ಮೆ ಪಾಠದ ನಡುವೆಯೇ ಹೋಯಿತು. ಗ್ರಾಫ್ ಹಾಳೆ ಹಂಚಿ, ಬಿ ಬೆಲೆ -4, -2, 0, 2, 4 ಇಟ್ಟು ಪರವಲಯದ ತಳದ ಬಿಂದುಗಳನ್ನು ಮಾತ್ರ ಗುರುತಿಸಿ ಅಂದೆ. (2, -1), (1, 2), (0, 3), (-1, 2), (-2, -1). ಸೇರಿಸಿದರೆ ಮಗುಚಿ ಹಾಕಿದ ಇನ್ನೊಂದು ಪರವಲಯ! ಸಂಜೆ ಕರೆಂಟು ಬಂದಾಗ ಶಾಲೆ ಬಿಟ್ಟಾಗಿತ್ತು. ನಾಲ್ಕು ಜನ ಬಸ್ಸು ಬಿಟ್ಟು ಉಳಿದುಕೊಂಡಿದ್ದರು, ತಮ್ಮ ಚಿತ್ರ ಸರಿಯಿದೆಯಾ ಅಂತ ಸ್ಕ್ರೀನಿನಲ್ಲಿ ನೋಡಲು.