ಓಂಕಾರೇಶ್ವರನ ಗುಮ್ಮಟ ಬರೆಯುವವರಿಗೆ

ಮಡಿಕೇರಿಯಲ್ಲಿ ಮಳೆ ಚೂರು ಬಿಡುವು ಕೊಟ್ಟರೆ ಸಾಕು, ಓಂಕಾರೇಶ್ವರನ ಗುಡಿಯ ಕೆರೆ ಪಕ್ಕ ಸ್ಕೆಚ್‌ಬುಕ್ಕುಗಳು ಹೊರಬರುತ್ತವೆ. ಬರೀರಿ, ಸಂತೋಷ. ಆದರೆ ಮೊದಲು ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅವರ ಅಕ್ವಾಟಿಂಟ್‌ಗಳನ್ನು (ತಾಮ್ರದ ತಗಡಿನಿಂದ ಅಚ್ಚು ಹಾಕಿದ ಚಿತ್ರಗಳನ್ನು) ನೋಡಿ.

1786ರಿಂದ 1793ರವರೆಗೆ ಇಂಡಿಯಾ ಸುತ್ತಿದ ಇವರು ಕ್ಯಾಮೆರಾ ಅಬ್‌ಸ್ಕ್ಯೂರಾ (ಎದುರಿನ ನೋಟದ ಬಿಂಬವನ್ನು ಕಾಗದದ ಮೇಲೆ ಬೀಳಿಸುವ ಕತ್ತಲ ಪೆಟ್ಟಿಗೆ) ಇಟ್ಟುಕೊಂಡು ಗುಡಿಗಳ ಗೆರೆ ಹಿಡಿದರು. ಮುದ್ರಣ ಲಂಡನ್ನಿನಲ್ಲಿ. ತಾಮ್ರದ ತಗಡಿಗೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಮತ್ತೆ ಮತ್ತೆ ಆಸಿಡ್ಡಿಗೆ ಒಡ್ಡುವ ಕೆಲಸ. ತಿಳಿಯಾಗಿರಬೇಕಾದ ಆಕಾಶಕ್ಕೆ ಆಸಿಡ್ ತಾಗದಂತೆ ಬೇಗ ವಾರ್ನಿಷ್ ಬಳಿಯಬೇಕು; ಆಸಿಡ್ ಹೆಚ್ಚು ಹೊತ್ತು ತಿಂದ ಕಡೆ ಗಾಢ ನೆರಳು. ಗೆರೆ ಸರಿಯಿದ್ದೂ ಚೌಕಟ್ಟು ದಾರಿ ತಪ್ಪಿಸುತ್ತದೆ: ಮುಂದೆ ಕಪ್ಪು ಮರ, ನಡುವೆ ಗುಡಿ, ಅಳತೆಗೆಂದು ನಾಲ್ಕು ಪುಟ್ಟ ಆಳುಗಳು. ಪೂಜೆ ನಡೆಯುವ ಗುಡಿಯೂ ಹಾಳೂರಿನ ಸ್ಮಾರಕದಂತೆ ಕಾಣುತ್ತದೆ.

ನಮ್ಮ ಗುಡಿ 1820ರದ್ದು; ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು. ಗುಮ್ಮಟವನ್ನಷ್ಟೇ ಕತ್ತರಿಸಿ ಬರೆದರೆ ಹೊರಗಿನವರು ಮಸೀದಿ ಅಂದುಕೊಳ್ಳುತ್ತಾರೆ. ಕೆರೆ, ಅದರ ನಡುವಿನ ಮಂಟಪ, ಓಡಾಡುವ ಜನ ಎಲ್ಲ ಇರಲಿ. ಗರ್ಭಗುಡಿ ಬರೆಯುವ ಮುಂಚೆ ಭಟ್ಟರನ್ನು ಕೇಳಿ. ಬೇಡ ಅಂದರೆ ನೆನಪಿನಿಂದಲೂ ಬೇಡ. ಚಿತ್ರದ ಕೆಳಗೆ ಊರು, ತಾರೀಖು, ಏನೇನು ಬಿಟ್ಟಿದ್ದೀರಿ ಅನ್ನೋದನ್ನೂ ಬರೆಯಿರಿ. ಕರೆಂಟ್ ವೈರ್ ಬಿಟ್ಟಿದ್ದರೂ ಸರಿ.