ಬುತ್ತಿ ಡಬ್ಬಿಯ ಕೋಚ್

ಬಡ್ ಫಾಸ್ಟರ್ ಯಾರು ಎಂದು ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ಕೇಳುವವರಿಲ್ಲ. ಬ್ಲ್ಯಾಕ್ಸ್‌ಬರ್ಗ್ ಎಲ್ಲಿದೆ ಎಂದು ನಮ್ಮ ಕಡೆ ಕೇಳದವರಿಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಅಪಲಾಚಿಯನ್ ಬೆಟ್ಟಗಳ ನಡುವೆ ಇರುವ ಸಣ್ಣ ಊರು ಅದು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯವೇ ಅದರ ಉಸಿರು. ನಮ್ಮ ಕಾಲೇಜಿನಲ್ಲಿ ಬಿ.ಇ. ಮುಗಿಸಿ 2005ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ನಾನು ಹೋದದ್ದು ಅಲ್ಲಿಗೆ. ಈ ಸಂಚಿಕೆಗೆ ಗುರುಗಳ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ನಮ್ಮ ಮೇಷ್ಟ್ರುಗಳ ಬಗ್ಗೆ ಬರೆಯಲು ನನಗಿಂತ ಅರ್ಹರು ಬೇಕಾದಷ್ಟು ಜನರಿದ್ದಾರೆ. ಹಾಗಾಗಿ ನನಗೆ ಒಂದಕ್ಷರವನ್ನೂ ಕಲಿಸದ, ನಾನು ಒಮ್ಮೆಯೂ ಮಾತನಾಡಿಸದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಅವರೇ ಬಡ್ ಫಾಸ್ಟರ್, 2019ರವರೆಗೆ ಅಲ್ಲಿನ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಆಗಿದ್ದವರು.

ಫುಟ್‌ಬಾಲ್ ಎಂದಾಗ ನಮ್ಮ ಹುಡುಗರು ಕಾಲಿನಿಂದ ಒದೆಯುವ ಆಟವನ್ನು ನೆನೆಯಬಾರದು. ಇದು ಹೆಲ್ಮೆಟ್ ತೊಟ್ಟು, ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನುಗ್ಗುವ ಅಮೆರಿಕದ ಆಟ. ದಾಳಿ ಮಾಡುವ ಹನ್ನೊಂದು ಜನ ಬೇರೆ, ತಡೆಯುವ ಹನ್ನೊಂದು ಜನ ಬೇರೆ. ದಾಳಿಯವರಿಗೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಲೇಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಮುಖ್ಯ ಕೋಚ್ ಒಬ್ಬರು, ಅವರ ಕೈಕೆಳಗೆ ಆಗ ಒಂಬತ್ತು ಸಹಾಯಕರು (2018ರಲ್ಲಿ ಹತ್ತಾಯಿತು). ರಕ್ಷಣೆಯ ಹೊಣೆ ಹೊತ್ತ ಸಹಾಯಕನಿಗೆ ಡಿಫೆನ್ಸಿವ್ ಕೋಆರ್ಡಿನೇಟರ್ ಎನ್ನುತ್ತಾರೆ. ಪ್ರತಿ ಸಲ ಚೆಂಡು ಕದಲುವ ಮೊದಲು ಎದುರಾಳಿ ಏನು ಮಾಡಬಹುದು ಎಂದು ಊಹಿಸಿ, ಯಾರು ಎಲ್ಲಿ ನಿಲ್ಲಬೇಕು, ಯಾರು ಮೇಲೆ ಬೀಳಬೇಕು ಎಂದು ಸನ್ನೆ ಕಳಿಸುವುದು ಅವನ ಕೆಲಸ. ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಾಗ ಮೂಲೆಯವನು ಹಿಡಿಯಬೇಕೋ ಕವರ್‌ನವನು ನುಗ್ಗಬೇಕೋ ಎಂದು ಕಣ್ಣಲ್ಲೇ ತೀರ್ಮಾನವಾಗುತ್ತದಲ್ಲ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಆ ತೀರ್ಮಾನ ಮೈದಾನದ ಹೊರಗೆ ನಿಂತ ಒಬ್ಬನದು.

ನಾನು ಮೊದಲ ಸಲ ಲೇನ್ ಕ್ರೀಡಾಂಗಣಕ್ಕೆ ಹೋದಾಗ ಆಟ ಒಂದಿಷ್ಟೂ ತಿಳಿಯಲಿಲ್ಲ. ಅರವತ್ತೈದು ಸಾವಿರ ಜನ ಮರೂನ್ ಮತ್ತು ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತಲ್ಲೇ ಕುಣಿಯುತ್ತಿದ್ದರು. ಅಂಗಡಿಗಳಲ್ಲಿ ಮಾರುತ್ತಿದ್ದ ಟರ್ಕಿ ಕೋಳಿಯ ಕಾಲು ನನ್ನ ಮೊಣಕೈಯಷ್ಟು ಉದ್ದವಿತ್ತು. ಸಸ್ಯಾಹಾರಿಯಾದ ನನ್ನ ಪಾಲಿಗೆ ಉಳಿದದ್ದು ಆಲೂಗಡ್ಡೆ ಚಿಪ್ಸ್. ಪಕ್ಕದಲ್ಲಿ ಕುಳಿತಿದ್ದವನು ನನ್ನ ಪ್ರಯೋಗಾಲಯದ ಗೆಳೆಯ, ಅದೇ ರಾಜ್ಯದ ಬ್ಯೂಕ್ಯಾನನ್ ಕೌಂಟಿಯ (ನಮ್ಮ ಜಿಲ್ಲೆಯಂತೆ) ಕಲ್ಲಿದ್ದಲು ಗಣಿ ಕಾರ್ಮಿಕರ ಮನೆಯ ಹುಡುಗ. ‘ಚೆಂಡನ್ನು ನೋಡಬೇಡ, ಸಾಲಿನ ಹತ್ತಿರ ನಮ್ಮವರು ಎಷ್ಟು ಜನ ನಿಂತಿದ್ದಾರೆ ಎಣಿಸು’ ಎಂದ. ಎಣಿಸಿದೆ. ಎಂಟು ಜನ. ‘ಬೇರೆ ತಂಡಗಳು ಸಾಮಾನ್ಯವಾಗಿ ಆರೋ ಏಳೋ ಜನರನ್ನು ನಿಲ್ಲಿಸುತ್ತವೆ. ಎಂಟು ಜನರನ್ನು ಮುಂದೆ ತಂದರೆ ಹಿಂದೆ ಬಯಲು. ಉದ್ದದ ಎಸೆತ ಬಿದ್ದರೆ ಕಥೆ ಮುಗಿಯಿತು. ಆ ಮನುಷ್ಯನಿಗೆ ಅದರ ಭಯವಿಲ್ಲ’ ಎಂದು ಮೈದಾನದ ಅಂಚಿನ ಕಡೆ ಬೆರಳು ತೋರಿಸಿದ. ನಾನು ಫಾಸ್ಟರ್ ಅವರನ್ನು ಮೊದಲು ನೋಡಿದ್ದು ಆಗ.

ಆ ಎಂಟು ಜನರಲ್ಲಿ ಇಬ್ಬರ ಹೆಸರು ವಿಚಿತ್ರ. ಒಬ್ಬ ‘ವಿಪ್’, ಇನ್ನೊಬ್ಬ ‘ರೋವರ್’. ವಿಪ್ ಅರ್ಧ ಲೈನ್‌ಬ್ಯಾಕರ್ (ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವವನು), ಅರ್ಧ ಸೇಫ್ಟಿ (ಎಲ್ಲರಿಗಿಂತ ಹಿಂದೆ ಕಾಯುವವನು). ರೋವರ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಎದುರಾಳಿ ಓಡಿದರೆ ಮುಂದೆ ನುಗ್ಗಬೇಕು, ಎಸೆದರೆ ಹಿಂದಕ್ಕೆ ಸರಿಯಬೇಕು. ಭಾರೀ ಆಳುಗಳಿಗಿಂತ ಚುರುಕು ಕಾಲಿನ ಹುಡುಗರೇ ಇಂಥ ಜಾಗಕ್ಕೆ ಬೇಕು. ದೊಡ್ಡ ವಿಶ್ವವಿದ್ಯಾಲಯಗಳು ‘ಗಾತ್ರ ಸಾಲದು’ ಎಂದು ಬಿಟ್ಟ ಹುಡುಗರನ್ನು ಕರೆತಂದು ಅಲ್ಲಿ ನಿಲ್ಲಿಸುವುದರಲ್ಲಿ ಫಾಸ್ಟರ್ ನಿಸ್ಸೀಮರಾಗಿದ್ದರು. ಕೋಡಿ ಗ್ರಿಮ್ ಎಂಬ ಹುಡುಗ ವಿದ್ಯಾರ್ಥಿವೇತನವೂ ಇಲ್ಲದೆ ತಂಡ ಸೇರಿದವನು. 2009ರಲ್ಲಿ ವಿಪ್ ಆಗಿ ಆಡುತ್ತಾ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ ಮೂರು ಸಲ ಎದುರಾಳಿಯ ಕೈಯಿಂದ ಚೆಂಡನ್ನು ಬೀಳಿಸಿದ. ಎರಡು ವರ್ಷ ಮೊದಲೇ ಊರು ಬಿಟ್ಟಿದ್ದ ನಾನು ಅದನ್ನು ಇಲ್ಲಿ ಓದಿ ತಿಳಿದುಕೊಂಡೆ.

ಫಾಸ್ಟರ್ ಹುಟ್ಟಿದ್ದು 1959ರಲ್ಲಿ, ಕೆಂಟಕಿಯ ಸಾಮರ್ಸೆಟ್‌ನಲ್ಲಿ. ಬೆಳೆದದ್ದು ಇಲಿನಾಯ್ ರಾಜ್ಯದ ನೊಕೊಮಿಸ್ ಎಂಬ ಊರಿನಲ್ಲಿ. ಮರ್ರೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾಗ ಅಲ್ಲಿ ರಕ್ಷಣೆಯ ಕೋಚ್ ಆಗಿದ್ದವರು ಫ್ರಾಂಕ್ ಬೀಮರ್. 1981ರಲ್ಲಿ ಬೀಮರ್ ಅಲ್ಲಿಯೇ ಮುಖ್ಯ ಕೋಚ್ ಆದರು, ಆಟ ಮುಗಿಸಿದ ಫಾಸ್ಟರ್ ಅವರ ಕೈಕೆಳಗೆ ಕೋಚಿಂಗ್ ಕಲಿಯತೊಡಗಿದರು. 1987ರಲ್ಲಿ ಬೀಮರ್ ವರ್ಜೀನಿಯಾ ಟೆಕ್‌ಗೆ ಬಂದಾಗ ಫಾಸ್ಟರ್ ಕೂಡ ಗಂಟುಮೂಟೆ ಕಟ್ಟಿದರು. ಬಂದವರು ಮತ್ತೆ ಹೋಗಲಿಲ್ಲ. 2019ರವರೆಗೆ ಆಟದ ಮೂವತ್ತಮೂರು ಋತುಗಳು, ಒಂದೇ ಊರು.

ಆರಂಭ ಸುಖಕರವಾಗಿರಲಿಲ್ಲ. ಮೊದಲ ವರ್ಷ ಎರಡು ಗೆಲುವು, ಒಂಬತ್ತು ಸೋಲು. 1992ರಲ್ಲಿ ಮತ್ತೆ ಎರಡೇ ಗೆಲುವು, ಎಂಟು ಸೋಲು, ಒಂದು ಸಮ. ಬೀಮರ್ ಅವರ ಕುರ್ಚಿಯೇ ಅಲುಗಾಡುತ್ತಿದ್ದ ಕಾಲ ಅದು. 1993ರಿಂದ ತಂಡ ಚೇತರಿಸಿಕೊಂಡಿತು. 1995ರಲ್ಲಿ ಫಾಸ್ಟರ್ ಮತ್ತು ರಾಡ್ ಷಾರ್ಪ್‌ಲೆಸ್ ಇಬ್ಬರಿಗೂ ಸೇರಿ ರಕ್ಷಣೆಯ ಹೊಣೆ ಬಂತು. ಆ ವರ್ಷ ಮೊದಲ ಎರಡು ಪಂದ್ಯ ಸೋತು, ಮುಂದಿನ ಹತ್ತನ್ನೂ ಗೆದ್ದರು. ಕೊನೆಯದು ಷುಗರ್ ಬೌಲ್‌ನಲ್ಲಿ ಟೆಕ್ಸಸ್ ವಿರುದ್ಧ 28-10. (ಋತುವಿನ ಕೊನೆಗೆ ಆಯ್ದ ತಂಡಗಳ ನಡುವೆ ನಡೆಯುವ ಪಂದ್ಯಕ್ಕೆ ಅಲ್ಲಿ ‘ಬೌಲ್’ ಎನ್ನುತ್ತಾರೆ.)

ಬುತ್ತಿ ಡಬ್ಬಿ ಬಂದದ್ದು ಅದೇ ವರ್ಷ. ಷಾರ್ಪ್‌ಲೆಸ್ ಅವರ ಅತ್ತೆಯ ಮೂಲಕ ಸಿಕ್ಕಿದ, ಗಣಿ ಕಾರ್ಮಿಕರು ಮಧ್ಯಾಹ್ನದ ಊಟ ಒಯ್ಯುವಂಥ ಲೋಹದ ಹಳೆಯ ಡಬ್ಬಿ. ಅಲ್ಲಲ್ಲಿ ನಗ್ಗಿದ್ದ, ಬಣ್ಣ ಹೋದ ಅದನ್ನು ಫಾಸ್ಟರ್ ರಕ್ಷಣಾ ಪಡೆಯ ಲಾಂಛನ ಮಾಡಿಬಿಟ್ಟರು. ಪಡೆಯ ಆ ವರ್ಷದ ಗುರಿಗಳನ್ನು ಬರೆದು ಅದರೊಳಗಿಡುತ್ತಿದ್ದರು. ವಾರದ ಆಟದಲ್ಲಿ ಮೈಮುರಿದು ದುಡಿದವನಿಗೆ ಡಬ್ಬಿ ಹಿಡಿಯುವ ಗೌರವ. ದೂರದಿಂದ ಬಂದವರಿಗೆ ಇದು ಪ್ರಚಾರದ ಗಿಮಿಕ್‌ನಂತೆ ಕಾಣಬಹುದು; ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ನನ್ನ ಗೆಳೆಯನ ಅಜ್ಜ ಅಂಥದೇ ಡಬ್ಬಿ ಹಿಡಿದು ನೆಲದೊಳಗೆ ಇಳಿದು ಬಂದವರು. ಆ ಮನೆಯವರು ಆ ಡಬ್ಬಿಯನ್ನು ಟಿ.ವಿ.ಯಲ್ಲಿ ತೋರಿಸಿದಾಗಲೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದುದನ್ನು ಒಂದು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಕಣ್ಣಾರೆ ಕಂಡ ಮೇಲೆ ನಾನು ಗಿಮಿಕ್ ಎಂಬ ಮಾತನ್ನು ಎತ್ತಲಿಲ್ಲ.

ಸಾಧನೆಯ ಲೆಕ್ಕಕ್ಕೆ ಬರೋಣ. 1999ರಲ್ಲಿ ತಂಡ ಹನ್ನೊಂದಕ್ಕೆ ಹನ್ನೊಂದೂ ಗೆದ್ದು ರಾಷ್ಟ್ರೀಯ ಪ್ರಶಸ್ತಿಯ ಪಂದ್ಯಕ್ಕೆ ಹೋಯಿತು. ಎಲ್ಲರ ಬಾಯಲ್ಲೂ ಮೈಕಲ್ ವಿಕ್ ಎಂಬ ಕ್ವಾರ್ಟರ್‌ಬ್ಯಾಕ್‌ನ (ಚೆಂಡು ಎಸೆದು ದಾಳಿ ನಡೆಸುವವನ) ಹೆಸರು. ಆದರೆ ಆ ವರ್ಷ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟದ್ದು ಫಾಸ್ಟರ್ ಪಡೆ, ದೇಶದ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ನಾಗರ್ಸ್ಕಿ ಪ್ರಶಸ್ತಿ ಪಡೆದದ್ದು ಆ ಪಡೆಯ ಕೋರಿ ಮೂರ್. ಅಂತಿಮ ಪಂದ್ಯದಲ್ಲಿ ಮಾತ್ರ ಫ್ಲಾರಿಡಾ ಸ್ಟೇಟ್ 46-29ರಿಂದ ಸೋಲಿಸಿತು. ರಾಷ್ಟ್ರೀಯ ಪ್ರಶಸ್ತಿ ಫಾಸ್ಟರ್ ಅವರಿಗೆ ಕೊನೆಗೂ ದಕ್ಕಲಿಲ್ಲ.

ನಾನಿದ್ದ ಎರಡು ಋತುಗಳು, 2005 ಮತ್ತು 2006, ಅವರ ಉತ್ತುಂಗದ ಕಾಲ. ಎರಡೂ ವರ್ಷ ಎದುರಾಳಿಗೆ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ತಂಡವೆಂದು ದೇಶಕ್ಕೇ ಮೊದಲ ಸ್ಥಾನ. 2006ರಲ್ಲಿ ಪಂದ್ಯಕ್ಕೆ ಸರಾಸರಿ 11 ಅಂಕ, ಅದೂ ದೇಶದಲ್ಲೇ ಕನಿಷ್ಠ. ಆ ಅಕ್ಟೋಬರ್ 26ರ ಗುರುವಾರ ರಾತ್ರಿ ಕ್ಲೆಮ್ಸನ್ ಬಂದಿತ್ತು. ಅಂಕಗಳ ಮಳೆ ಸುರಿಸುತ್ತಾ ಬಂದಿದ್ದ ತಂಡ. ಎದುರಾಳಿಯ ಮೂರನೆಯ ಅವಕಾಶ ಬಂತೆಂದರೆ ಅಲ್ಲಿ ಒಂದು ಪದ್ಧತಿ ಇದೆ: ಜನರೆಲ್ಲ ಜೇಬಿನಿಂದ ಕೀಲಿಗೊಂಚಲು ತೆಗೆದು ಕಿಣಿಕಿಣಿ ಅಲ್ಲಾಡಿಸುತ್ತಾರೆ. ನನ್ನ ಬಳಿ ಕಾರಿರಲಿಲ್ಲ. ಕೊಠಡಿಯ ಒಂದು ಕೀಲಿ, ಸೈಕಲ್ಲಿನ ಒಂದು ಕೀಲಿ, ಅವೆರಡನ್ನೇ ತಾಗಿಸಿಕೊಂಡು ಕುಣಿದೆ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಆ ಗದ್ದಲದಲ್ಲಿ ಕಿವಿಗೆ ಕೈ ಹಿಡಿದು ಕೂಗುತ್ತಿದ್ದಾನೆ, ವಿನ್ಸ್ ಹಾಲ್ ಮತ್ತು ಝೇವಿಯರ್ ಅಡಿಬಿ ಎಂಬ ನಮ್ಮ ಲೈನ್‌ಬ್ಯಾಕರ್‌ಗಳು ಸಾಲಿನ ಹಿಂದೆ ಅತ್ತಿಂದಿತ್ತ ಸರಿದಾಡುತ್ತಿದ್ದಾರೆ, ಯಾರು ನುಗ್ಗುತ್ತಾರೆ ಎಂದು ನಮಗೇ ಗೊತ್ತಾಗುತ್ತಿಲ್ಲ. ಕ್ಲೆಮ್ಸನ್ ಗಳಿಸಿದ್ದು 7 ಅಂಕ, ನಮ್ಮದು 24. ಒಂದು ತಿಂಗಳ ನಂತರ ನೆರೆಯ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಅದೂ ಸಿಗಲಿಲ್ಲ: 17-0.

ಆ ವರ್ಷದ ಬ್ರಾಯ್ಲ್ಸ್ ಪ್ರಶಸ್ತಿ ಫಾಸ್ಟರ್ ಅವರಿಗೆ ಬಂತು. ಅರ್ಕನ್ಸಾಸ್‌ನ ಹೆಸರಾಂತ ಕೋಚ್ ಫ್ರಾಂಕ್ ಬ್ರಾಯ್ಲ್ಸ್ ಹೆಸರಿನಲ್ಲಿ 1996ರಿಂದ ಕೊಡುತ್ತಿರುವ ಈ ಪ್ರಶಸ್ತಿ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಮೀಸಲು. ಸಹಾಯಕರಿಗೆಂದೇ ಒಂದು ರಾಷ್ಟ್ರಮಟ್ಟದ ಪ್ರಶಸ್ತಿ ಇದೆ ಎಂಬುದೇ ನನಗೆ ಸೋಜಿಗ. ನಮ್ಮಲ್ಲಿ ಸಹಾಯಕ ಎಂಜಿನಿಯರ್, ಸಹಾಯಕ ಪ್ರಾಧ್ಯಾಪಕ, ಸಹಾಯಕ ಆಯುಕ್ತ, ಎಲ್ಲವೂ ಮೆಟ್ಟಿಲುಗಳು. ಅಲ್ಲೇ ನಿಂತವನನ್ನು ಮದುವೆ ಮನೆಯಲ್ಲಿ ‘ಇನ್ನೂ ಅದೇ ಪೋಸ್ಟಿನಲ್ಲಿ ಇದ್ದೀರಾ?’ ಎಂದು ವಿಚಾರಿಸುತ್ತಾರೆ. ಮುಖ್ಯ ಕೋಚ್ ಹುದ್ದೆಗಳು ಖಾಲಿಯಾದಾಗ ಫಾಸ್ಟರ್ ಹೆಸರೂ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಅವರು ಎಲ್ಲಿಯೂ ಮುಖ್ಯ ಕೋಚ್ ಆಗಲಿಲ್ಲ. 2015ರಲ್ಲಿ ಬೀಮರ್ ನಿವೃತ್ತರಾದಾಗ ಆ ಕುರ್ಚಿ ಇವರಿಗೇ ಸಲ್ಲಬೇಕಿತ್ತು ಎಂದು ನನ್ನ ಗೆಳೆಯ ಇಂದಿಗೂ ವಾದಿಸುತ್ತಾನೆ. ಹೊರಗಿನಿಂದ ಜಸ್ಟಿನ್ ಫುಯೆಂಟೆ ಬಂದರು. ಬಂದವರು ಫಾಸ್ಟರ್ ಅವರನ್ನು ಉಳಿಸಿಕೊಂಡರು. ಗೆಳೆಯನ ವಾದವನ್ನು ನಾನು ಒಪ್ಪುವುದಿಲ್ಲ. ಮುಖ್ಯ ಕೋಚ್‌ನ ಅರ್ಧ ದಿನ ದಾನಿಗಳ ಔತಣ, ಟಿ.ವಿ. ಸಂದರ್ಶನ, ಆಡಳಿತದ ಸಭೆಗಳಲ್ಲಿ ಕಳೆದುಹೋಗುತ್ತದೆ. ಎದುರಾಳಿಯ ಪಂದ್ಯದ ವಿಡಿಯೊವನ್ನು ಹಿಂದೆ ಮುಂದೆ ತಿರುಗಿಸಿ, ಅವರ ಎಡಗಡೆಯ ಆಟಗಾರ ಚೆಂಡು ಕದಲುವ ಮುನ್ನ ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ ಎಂದು ಹುಡುಕುವ ಕೆಲಸ ಸಹಾಯಕನದು. ಯಾರಿಗೆ ಯಾವ ಕೆಲಸದಲ್ಲಿ ಜೀವವಿದೆಯೋ ಅದನ್ನು ಅವರಿಂದ ಕಸಿದು ಬಡ್ತಿ ಕೊಡುವುದು ನಮ್ಮ ಕಚೇರಿಗಳಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

2007ರ ಏಪ್ರಿಲ್ 16ರ ಬಗ್ಗೆ ಹೆಚ್ಚು ಬರೆಯಲಾರೆ. ಆ ಬೆಳಿಗ್ಗೆ ಕ್ಯಾಂಪಸ್ಸಿನಲ್ಲಿ ಮೂವತ್ತೆರಡು ಜನ ಗುಂಡಿಗೆ ಬಲಿಯಾದರು. ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ, ತಮಿಳುನಾಡು ಮೂಲದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಅವರಲ್ಲಿ ಒಬ್ಬರು. ಸೆಪ್ಟೆಂಬರ್ 1ರಂದು ಈಸ್ಟ್ ಕ್ಯಾರೊಲಿನಾ ವಿರುದ್ಧ ಮೊದಲ ಪಂದ್ಯ ನಡೆಯಿತು. ಆ ಋತುವಿನಲ್ಲಿ ಬುತ್ತಿ ಡಬ್ಬಿಯೊಳಗೆ ಮೂವತ್ತೆರಡು ಹೆಸರುಗಳೂ ಇದ್ದವು. ಫಲಿತಾಂಶ 17-7, ನಮ್ಮ ಗೆಲುವು. ಆಟ ಚೆನ್ನಾಗೇನೂ ಇರಲಿಲ್ಲ, ಯಾರೂ ದೂರಲಿಲ್ಲ.

ಊರಿಗೆ ಮರಳಿದ ಮೇಲೆ ನೋಡಿದ ಪಂದ್ಯಗಳಲ್ಲಿ ನನಗೆ ಮರೆಯಲಾಗದ್ದು 2014ರ ಸೆಪ್ಟೆಂಬರ್ 6ರದು. ಎದುರಾಳಿ ಒಹಾಯೊ ಸ್ಟೇಟ್, ಅವರದೇ ಮೈದಾನ, ಅವರ ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್ ಇನ್ನೂ ಹೊಸಬ. ಫಾಸ್ಟರ್ ಹಳೆಯ ‘ಬೇರ್’ ವ್ಯೂಹವನ್ನು ಹೊರತೆಗೆದರು. ಎದುರಾಳಿಯ ಸಾಲಿನ ನಡುವಿನ ಮೂವರ ಎದುರಿಗೂ ಒಬ್ಬೊಬ್ಬ ಆಳು, ಹಾಗಾಗಿ ಒಬ್ಬನನ್ನು ಇಬ್ಬರು ಸೇರಿ ತಡೆಯಲು ಆಸ್ಪದವಿಲ್ಲ. ಹಿಂದೆ ಕಾವಲಿಗೆ ಯಾರೂ ಇಲ್ಲ. ಒಬ್ಬೊಬ್ಬ ಕಾರ್ನರ್‌ಬ್ಯಾಕ್‌ಗೂ (ಅಂಚಿನ ಕಾವಲುಗಾರನಿಗೂ) ಒಬ್ಬೊಬ್ಬ ಎದುರಾಳಿ, ಜಾರಿದರೆ ಅಷ್ಟೇ. ಹುಡುಗ ಎಸೆಯಲಿ, ನೋಡೋಣ ಎಂಬ ಸವಾಲು ಅದು. ಅವನನ್ನು ಏಳು ಸಲ ನೆಲಕ್ಕೆ ಕೆಡವಿದರು, ಮೂರು ಎಸೆತಗಳನ್ನು ಕಸಿದುಕೊಂಡರು, 35-21ರಿಂದ ಗೆದ್ದರು. ಅದೇ ಒಹಾಯೊ ಸ್ಟೇಟ್ ಆ ವರ್ಷ ಮತ್ತೊಂದು ಪಂದ್ಯವನ್ನೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು.

ಎಲ್ಲ ವರ್ಷವೂ ಹೀಗಿರಲಿಲ್ಲ. 2018ರಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರದ ಓಲ್ಡ್ ಡೊಮಿನಿಯನ್ 49 ಅಂಕ ಹೊಡೆಯಿತು, ಪಿಟ್ಸ್‌ಬರ್ಗ್ 52. ಕಾಲ ಬದಲಾಗಿದೆ, ಇವರ ವ್ಯೂಹ ಹಳತಾಯಿತು ಎಂದು ಬರೆದವರು ಬಹಳ. 2019ರ ಆಗಸ್ಟ್‌ನಲ್ಲಿ, ಇದೇ ನನ್ನ ಕೊನೆಯ ಋತು ಎಂದು ಅವರು ಘೋಷಿಸಿದರು. ನವೆಂಬರ್ 23ರಂದು ತವರಿನಲ್ಲಿ ಅವರ ಕೊನೆಯ ಪಂದ್ಯ. ಎದುರಾಳಿ ಅದೇ ಪಿಟ್ಸ್‌ಬರ್ಗ್. ಹಿಂದಿನ ವಾರ ಜಾರ್ಜಿಯಾ ಟೆಕ್‌ಗೆ ಸೊನ್ನೆ ಸುತ್ತಿಸಿದ್ದ ಹುಡುಗರು ಇವರಿಗೂ ಸೊನ್ನೆ ಸುತ್ತಿಸಿದರು, 28-0. ವೃತ್ತಿಯ ಕಟ್ಟಕಡೆಯ ಪಂದ್ಯ ಡಿಸೆಂಬರ್ 31ರ ಬೆಲ್ಕ್ ಬೌಲ್. ಅಲ್ಲಿ ಹುಟ್ಟೂರಿನ ರಾಜ್ಯವಾದ ಕೆಂಟಕಿಯೇ ಕೊನೆಯ ನಿಮಿಷದಲ್ಲಿ ಮೇಲೆ ಬಿದ್ದು 37-30ರಿಂದ ಗೆದ್ದಿತು.

ಅವರ ಜಾಗಕ್ಕೆ ಬಂದದ್ದು ಜಸ್ಟಿನ್ ಹ್ಯಾಮಿಲ್ಟನ್, ವರ್ಜೀನಿಯಾದ ಕಲ್ಲಿದ್ದಲು ಸೀಮೆಯ ಕ್ಲಿಂಟ್‌ವುಡ್‌ನವರು. ನಾನು ಬ್ಲ್ಯಾಕ್ಸ್‌ಬರ್ಗ್‌ಗೆ ಹೋದ ವರ್ಷ ಅವರು ಫಾಸ್ಟರ್ ಪಡೆಯಲ್ಲಿ ಸೇಫ್ಟಿಯಾಗಿ ಆಡುತ್ತಿದ್ದರು. ದಾಳಿಯ ಆಟಗಾರನಾಗಿ ಬಂದು ರಕ್ಷಣೆಗೆ ಬದಲಾದ ಹುಡುಗ. ನೇಮಕದ ಸುದ್ದಿ ಬಂದ ದಿನ ಗೆಳೆಯ ಬ್ಯೂಕ್ಯಾನನ್ ಕೌಂಟಿಯಿಂದ ನನಗೆ ಫೋನ್ ಮಾಡಿದ. ಇಲ್ಲಿ ಮಧ್ಯರಾತ್ರಿ. ಪಕ್ಕದ ಕೌಂಟಿಯ ಹುಡುಗನಿಗೆ ಕೆಲಸ ಸಿಕ್ಕಿತು ಎಂದು ಒಂದು ಗಂಟೆ ಮಾತನಾಡಿದ, ಬೀಮರ್ ಕುರ್ಚಿಯ ಜಗಳವನ್ನೂ ಮತ್ತೆ ತೆಗೆದ.